ಭಾರವೆತ್ತುವ ವಿದ್ಯೆ ಮತ್ತು ಮೈಯ ಅಳತೆ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಣ ನಾಡಿನಲ್ಲಿ, ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡಗಳೆಂಬ ನಾಲ್ಕು ತಾಲ್ಲೂಕುಗಳಲ್ಲಿ, ನೆಲದ ಮೇಲಣ ಭಾರವನ್ನು ಬಗ್ಗಿ ಹಿಡಿದು ಎತ್ತುವ ಕೆಲಸವು ಆಟವಾಗುವುದಕ್ಕೆ ಬಹುಕಾಲ ಮೊದಲೇ ಅನ್ನದ ದಾರಿಯಾಗಿದ್ದಿತು. ಸಾಗುವಾನಿಯ ದಿಮ್ಮಿಗಳನ್ನು ಸನ್ನೆಗೋಲು ಹಗ್ಗಗಳ ನೆರವಿನಿಂದ ಉರುಳಿಸಿ ಡಿಪೋ ಮುಟ್ಟಿಸಿದವರು, 1955ರಲ್ಲಿ ಸ್ಥಾಪಿತವಾದ ದಾಂಡೇಲಿಯ ಕಾಗದದ ಕಾರ್ಖಾನೆಗಾಗಿ ಬಿದಿರಿನ ಕಟ್ಟುಗಳನ್ನು ಹೇರಿದವರು, ಹಳಿಯಾಳದ ಸಕ್ಕರೆ ಕಾರ್ಖಾನೆಗೆ ಹೋಗುವ ಗಾಡಿಗಳ ಮೇಲಕ್ಕೆ ಕಬ್ಬಿನ ಹೊರೆಯನ್ನು ಏರಿಸುವವರು, ಮುಂಡಗೋಡದ ಭತ್ತ ಗೋವಿನಜೋಳಗಳ ಚೀಲಗಳನ್ನು ಬೆನ್ನಿಗೇರಿಸುವ ಹಮಾಲರು, ಇವರೆಲ್ಲರೂ ಈ ವಿದ್ಯೆಯನ್ನು ಗುರುವಿಲ್ಲದೆ, ಮೈಯಿಂದಲೇ ಕಲಿತವರು. ಕಲಿಕೆಯ ತಪ್ಪುಗಳಿಗೆ ಬೆಲೆಯನ್ನೂ ಮೈಯಿಂದಲೇ, ಮುಖ್ಯವಾಗಿ ಬೆನ್ನಿನಿಂದ, ತೆತ್ತವರು. ಈಗ ಅದೇ ಸೀಮೆಯ ತರುಣರು ಪೇಟೆಯ ಜಿಮ್ಮುಗಳಲ್ಲಿ ಕಬ್ಬಿಣದ ಸರಳನ್ನು ಹಿಡಿದು ನಿಂತಿದ್ದಾರೆ. ಅವರಿಗೆ ದೊರೆಯುವ ಉಪದೇಶವಾದರೋ ಬಹುಮಟ್ಟಿಗೆ ಒಂದೇ ಅಚ್ಚಿನದು: ಎಲ್ಲರಿಗೂ ಒಂದೇ ನಿಲುವು, ಒಂದೇ ಹಿಡಿತ, ಒಂದೇ ಲೆಕ್ಕ. ಈ ಕ್ರಮವು ಶಾಸ್ತ್ರಸಮ್ಮತವಲ್ಲವೆಂದೂ, ಭಾರವೆತ್ತುವ ಶಿಕ್ಷಣವು ಎತ್ತುವವನ ಅಂಗಪ್ರಮಾಣದ ಅಳತೆಯಿಂದಲೇ ಆರಂಭವಾಗತಕ್ಕದ್ದೆಂದೂ ನಾನು ನಂಬಿದ್ದೇನೆ. ಆ ನಂಬಿಕೆಯ ಕಾರಣಗಳನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಡೆಡ್‌ಲಿಫ್ಟ್ ಎಂದು ಹೆಸರಾದ ಈ ಎತ್ತುವಿಕೆಯು ಪವರ್‌ಲಿಫ್ಟಿಂಗ್ ಕ್ರೀಡೆಯ ಮೂರು ಪರೀಕ್ಷೆಗಳಲ್ಲಿ ಕೊನೆಯದು. ಸ್ಕ್ವಾಟ್ ಮತ್ತು ಬೆಂಚ್‌ಪ್ರೆಸ್‌ಗಳಲ್ಲಿ ಭಾರವು ಮೊದಲು ಕೆಳಗಿಳಿದು ಅನಂತರ ಮೇಲೇಳುತ್ತದೆ, ಇಲ್ಲಿ ಹಾಗಲ್ಲ. ನಿಶ್ಚಲವಾಗಿ ನೆಲದಲ್ಲಿ ಕುಳಿತ ಭಾರವನ್ನು ಹಿಂದಿನ ಚಲನೆಯ ಸಹಾಯವೇನೂ ಇಲ್ಲದೆ ಎಬ್ಬಿಸಿ, ಮೊಣಕಾಲು ಸೊಂಟಗಳು ಪೂರ್ಣವಾಗಿ ನೆಟ್ಟಗಾಗುವವರೆಗೆ ಒಯ್ಯಬೇಕು. ಸ್ಪರ್ಧೆಯ ಸರಳಿನ ತೂಕ 20 ಕಿಲೋ. ಅದರ ತುದಿಗಳಿಗೆ ತೊಡಿಸುವ ದೊಡ್ಡ ಬಿಲ್ಲೆಯ ವ್ಯಾಸ 45 ಸೆಂಟಿಮೀಟರು. ಆದುದರಿಂದ ಸರಳು ನೆಲದಿಂದ ಇಪ್ಪತ್ತೆರಡೂವರೆ ಸೆಂಟಿಮೀಟರು ಎತ್ತರದಲ್ಲಿರುತ್ತದೆ. ಐದಡಿಯ ಹುಡುಗಿಗೂ ಆರಡಿಯ ಯುವಕನಿಗೂ, ಉದ್ದ ಕಾಲಿನವನಿಗೂ ಗಿಡ್ಡ ಕಾಲಿನವನಿಗೂ ಈ ಎತ್ತರ ಒಂದೇ. ಸರಳು ತನ್ನನ್ನು ಯಾರಿಗೂ ಹೊಂದಿಸಿಕೊಳ್ಳುವುದಿಲ್ಲವಾದ ಕಾರಣ ಹೊಂದಿಕೊಳ್ಳುವ ಹೊಣೆ ಪೂರ್ತಿಯಾಗಿ ಮನುಷ್ಯನ ಮೇಲೆ ಬೀಳುತ್ತದೆ, ಮತ್ತು ಒಬ್ಬೊಬ್ಬನೂ ಹೊಂದಿಕೊಳ್ಳುವ ರೀತಿ ಬೇರೆಯಾಗದೆ ಗತ್ಯಂತರವಿಲ್ಲ.

ಇದರ ಹಿಂದಿರುವ ಯಂತ್ರತತ್ತ್ವವು ಕಠಿಣವಾದುದೇನಲ್ಲ. ದಿಮ್ಮಿಯ ಕೆಳಗೆ ಸನ್ನೆಗೋಲು ಹಾಕಿದ ದಾಂಡೇಲಿಯ ಕೂಲಿಕಾರನಿಗೆ ಅದು ಪುಸ್ತಕವಿಲ್ಲದೆಯೇ ತಿಳಿದಿತ್ತು: ಆಧಾರಬಿಂದುವಿನಿಂದ ಭಾರ ದೂರವಾದಷ್ಟೂ ಒತ್ತುವ ಶಕ್ತಿ ಹೆಚ್ಚು ಬೇಕು. ಬಗ್ಗಿದ ಮನುಷ್ಯನ ದೇಹದಲ್ಲಿ ಆಧಾರಬಿಂದುವು ಬೆನ್ನೆಲುಬಿನ ಕೆಳತುದಿಯ ಕೀಲು. ಬೆನ್ನನ್ನು ನೆಟ್ಟಗೆ ಹಿಡಿಯುವ ಸ್ನಾಯುಗಳು ಆ ಕೀಲಿನ ಹಿಂದೆ ಸುಮಾರು 5 ಸೆಂಟಿಮೀಟರು ದೂರದಲ್ಲಿ ಎಳೆಯುತ್ತವೆ. 50 ಕಿಲೋದ ಸಿಮೆಂಟಿನ ಚೀಲವೊಂದು ಕೀಲಿನಿಂದ ಅಡ್ಡಲಾಗಿ 20 ಸೆಂಟಿಮೀಟರು ಮುಂದಿದ್ದರೆ, ಮುಂಡದ ಸ್ವಂತ ಭಾರವನ್ನು ಬಿಟ್ಟು ಲೆಕ್ಕ ಹಾಕಿದರೂ, ಆ ಸ್ನಾಯುಗಳು ಇನ್ನೂರು ಕಿಲೋದಷ್ಟು ಬಲದಿಂದ ಎಳೆಯಬೇಕು. ಅದೇ ಚೀಲ 40 ಸೆಂಟಿಮೀಟರು ಮುಂದಿದ್ದರೆ ನಾನ್ನೂರು ಕಿಲೋದಷ್ಟು. ಚೀಲ ಬದಲಾಗಲಿಲ್ಲ, ಬದಲಾದುದು ಒಂದು ಗೇಣಿನ ಅಂತರ. ಭಾರವನ್ನು ಮೈಗೆ ಸಮೀಪದಲ್ಲಿರಿಸಿಕೊಳ್ಳಬೇಕೆಂಬ ಬುದ್ಧಿವಾದವು ಇಷ್ಟು ಗಂಭೀರವಾದ ಗಣಿತದ ಮೇಲೆ ನಿಂತಿದೆ.

ಈ ಅಡ್ಡದೂರವನ್ನು ನಿರ್ಧರಿಸುವವು ಎಲುಬುಗಳ ಪರಸ್ಪರ ಪ್ರಮಾಣಗಳು. ತೊಡೆಯೆಲುಬು ಉದ್ದವಾಗಿದ್ದು ತೋಳು ಗಿಡ್ಡವಾಗಿರುವವನು ಸರಳನ್ನು ಮುಟ್ಟಬೇಕಾದರೆ ಸೊಂಟವನ್ನು ಬಹಳ ಹಿಂದಕ್ಕೆ ತಳ್ಳಿ, ಮುಂಡವನ್ನು ನೆಲಕ್ಕೆ ಸಮಾನಾಂತರವಾಗುವಷ್ಟು ಬಗ್ಗಿಸಬೇಕು. ಅವನ ಬೆನ್ನಿನ ಮೇಲೆ ಬೀಳುವ ಒತ್ತಡವೂ ಆ ಪ್ರಮಾಣದಲ್ಲಿ ಹೆಚ್ಚು. ಆಜಾನುಬಾಹುವಾದವನಾದರೋ ಅಷ್ಟೇನೂ ಬಗ್ಗದೆ ಸರಳನ್ನು ಹಿಡಿಯಬಲ್ಲನು. ಎತ್ತಿ ನಿಂತಾಗ ಅವನ ಸರಳು ತೊಡೆಯ ಕೆಳಭಾಗದಲ್ಲೇ ನಿಲ್ಲುವುದರಿಂದ ಭಾರ ಸಾಗಬೇಕಾದ ದಾರಿಯೂ ಕಿರಿದು. ಅದೇ ಉದ್ದ ತೋಳು ಬೆಂಚ್‌ಪ್ರೆಸ್‌ನಲ್ಲಿ ಅವನಿಗೆ ಶತ್ರುವಾಗುತ್ತದೆ, ಏಕೆಂದರೆ ಅಲ್ಲಿ ಎದೆಯಿಂದ ಮೇಲಕ್ಕೆ ಅಷ್ಟೂ ದೂರವನ್ನು ತಳ್ಳಬೇಕು. ಅಮೆರಿಕದ ಲಾಮಾರ್ ಗ್ಯಾಂಟ್ ಎಂಬಾತನು 1985ರಲ್ಲಿ, ಸುಮಾರು 60 ಕಿಲೋ ತೂಕದ ತನ್ನ ದೇಹದಿಂದ 300 ಕಿಲೋ ಎತ್ತಿ, ಸ್ವಂತ ತೂಕದ ಐದು ಪಟ್ಟು ಎತ್ತಿದ ಮೊದಲಿಗನೆನಿಸಿದನು. ಈತನ ತೋಳುಗಳು ಅಸಾಧಾರಣವಾಗಿ ಉದ್ದ. ಅಲ್ಲದೆ ಬೆನ್ನೆಲುಬಿನ ಡೊಂಕು ಅವನ ಮುಂಡವನ್ನು ಮತ್ತಷ್ಟು ಗಿಡ್ಡವಾಗಿಸಿ ಆ ಕೈಗಳನ್ನು ಮೊಣಕಾಲಿನತ್ತ ಇಳಿಸಿತ್ತು. ವೈದ್ಯನು ದೋಷವೆಂದು ಬರೆದುಕೊಳ್ಳುವ ದೇಹಸ್ಥಿತಿಯು ಒಂದು ಕ್ರೀಡೆಯಲ್ಲಿ ಅನುಕೂಲವಾಗಿ ಪರಿಣಮಿಸಿತು. ಇದರಿಂದ ಡೊಂಕು ಬೆನ್ನು ಶ್ರೇಯಸ್ಕರವೆಂದು ಯಾರೂ ತಿಳಿಯಬಾರದು. ಗ್ಯಾಂಟನು ತನ್ನ ಮೈಯ ಅಳತೆಗೆ ತಕ್ಕ ಪದ್ಧತಿಯನ್ನು ಕಂಡುಕೊಂಡನೆಂಬುದೇ ಇಲ್ಲಿ ಗ್ರಾಹ್ಯವಾದ ಅಂಶ.

ಅಳತೆಗೆ ಬೇಕಾದ ಉಪಕರಣ ದರ್ಜಿಯ ಟೇಪು ಮತ್ತು ಒಂದು ಗೋಡೆ, ಅಷ್ಟೆ. ಹುಡುಗನು ಬರಿಗಾಲಲ್ಲಿ ಗೋಡೆಗೆ ಬೆನ್ನಿಟ್ಟು ನಿಲ್ಲಲಿ. ಎತ್ತರ ನೋಡಿ, ಚಾಚಿದ ಎರಡು ಕೈಗಳ ಮಾರನ್ನು ಅದರೊಡನೆ ಹೋಲಿಸಿ. ಮಾರು ಎತ್ತರವನ್ನು ಮೀರಿದರೆ ತೋಳು ಉದ್ದ, ಕಡಮೆಯಾದರೆ ಗಿಡ್ಡ. ಅನಂತರ ಕೈಗಳನ್ನು ಇಳಿಬಿಟ್ಟು ಮುಷ್ಟಿ ಕಟ್ಟಿಸಿ, ಮುಷ್ಟಿಯು ತೊಡೆಯ ಯಾವ ಎಡೆಗೆ ಬರುವುದೆಂದು ಗುರುತು ಮಾಡಿ. ಸರಳು ಕೊನೆಗೆ ನಿಲ್ಲುವ ಸ್ಥಾನ ಅದೇ. ಕುರ್ಚಿಯ ಮೇಲೆ ಕುಳ್ಳಿರಿಸಿ ಮುಂಡದ ಎತ್ತರವನ್ನೂ, ಸೊಂಟದ ಕೀಲಿನಿಂದ ಮೊಣಕಾಲಿನವರೆಗೆ ತೊಡೆಯ ಉದ್ದವನ್ನೂ, ಮೊಣಕಾಲಿನಿಂದ ನೆಲಕ್ಕೆ ಕಣಕಾಲಿನ ಉದ್ದವನ್ನೂ ಬರೆದುಕೊಳ್ಳಿ. ಇಷ್ಟಾದರೆ ಮೊದಲ ಊಹೆಗೆ ಆಧಾರ ಸಿಕ್ಕಿತು. ಉದ್ದ ತೋಳಿನವನು ಪಾದಗಳನ್ನು ಸೊಂಟದಗಲಕ್ಕೆ ಇರಿಸಿ, ಕೈಗಳನ್ನು ಕಾಲುಗಳ ಹೊರಗೆ ಇಳಿಸುವ ಸಾಮಾನ್ಯ ಪದ್ಧತಿಯಲ್ಲಿ ಬಹುಶಃ ಸುಖವಾಗಿರುವನು. ಮುಂಡ ಉದ್ದ, ತೋಳು ಗಿಡ್ಡ ಆದವನಿಗೆ ಪಾದಗಳನ್ನು ಅಗಲವಾಗಿ ಹರಡಿ, ಕೈಗಳನ್ನು ಮೊಣಕಾಲುಗಳ ನಡುವೆ ಇಳಿಸುವ ಸುಮೋ ಪದ್ಧತಿ ಒಗ್ಗುವ ಸಂಭವ ಹೆಚ್ಚು, ಏಕೆಂದರೆ ಅದರಲ್ಲಿ ಮುಂಡ ಹೆಚ್ಚು ನೆಟ್ಟಗಿದ್ದು ಬೆನ್ನಿನ ಕೆಳಭಾಗದ ಹೊರೆ ತಗ್ಗುತ್ತದೆ. ಆದರೆ ಸೊಂಟದ ಗುಳಿಯ ಆಕಾರವು ಯಾವ ಟೇಪಿಗೂ ಸಿಕ್ಕದು. ಕಾಲು ಅಗಲಿಸಿದೊಡನೆ ತೊಡೆಯ ಸಂದಿಯಲ್ಲಿ ಚುಚ್ಚಿದಂತಾಗುವವನಿಗೆ ಸುಮೋ ಸಲ್ಲದು. ಆದುದರಿಂದ ಕೆಲವು ವಾರ ಎರಡೂ ಪದ್ಧತಿಗಳನ್ನು ಹಗುರ ಭಾರದಲ್ಲಿ ಮಾಡಿಸಿ ನೋಡಿಯೇ ನಿರ್ಣಯಿಸುವುದು ವಿವೇಕ.

ಅಳತೆಯ ವಿಷಯ ಬಂದಾಗ ಈ ನಾಡಿನ ಒಂದು ಇತಿಹಾಸವನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಪೋರ್ಚುಗೀಸರ ಕಾಲದಲ್ಲಿ ಪೂರ್ವ ಆಫ್ರಿಕೆಯಿಂದ ಗುಲಾಮರಾಗಿ ತರಲ್ಪಟ್ಟು, ಗೋವೆಯಿಂದ ತಪ್ಪಿಸಿಕೊಂಡು ಈ ಕಾಡುಗಳಲ್ಲಿ ನೆಲೆ ಕಂಡವರ ಸಂತತಿಯಾದ ಸಿದ್ದಿ ಜನರು ಹಳಿಯಾಳ, ಮುಂಡಗೋಡ, ಜೋಯಿಡಾ, ಯಲ್ಲಾಪುರ, ಅಂಕೋಲಾ ಮುಂತಾದ ಕಡೆ ಇದ್ದಾರೆ. 1987ರಲ್ಲಿ, ಮಾರ್ಗರೆಟ್ ಆಳ್ವರು ಕೇಂದ್ರದ ಕ್ರೀಡಾ ಸಚಿವೆಯಾಗಿದ್ದಾಗ, ಭಾರತೀಯ ಕ್ರೀಡಾ ಪ್ರಾಧಿಕಾರವು ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿಯಲ್ಲಿ ಸಿದ್ದಿ ಬಾಲಕ ಬಾಲಕಿಯರನ್ನು ಆರಿಸಿ ತರಬೇತಿಗೆ ಕರೆದೊಯ್ದಿತು. ಕಾಡಿನಂಚಿನ ಮಕ್ಕಳಿಗೆ ಮೈದಾನ, ಊಟ, ಬೂಟು, ಶಿಕ್ಷಕರು ದೊರೆತರು. ಹರ್ಡಲ್ಸ್ ಓಟದ ಕಮಲಾ ಸಿದ್ದಿಯಂತಹ ಕ್ರೀಡಾಪಟುಗಳು ಅಲ್ಲಿಂದ ಹೊರಬಂದರು. ಕೆಲವೇ ವರ್ಷಗಳಲ್ಲಿ, 1993ರ ವೇಳೆಗೆ, ಅದು ನಿಂತುಹೋಯಿತು. ಆ ಯೋಜನೆಯ ಔದಾರ್ಯವನ್ನು ನಾನು ಮನಸಾರೆ ಮೆಚ್ಚುತ್ತೇನೆ, ಅದು ನಿಂತುದಕ್ಕಾಗಿ ವ್ಯಥೆಪಡುತ್ತೇನೆ. ಆದರೆ ಅದರ ಬುಡದಲ್ಲಿದ್ದ ಕಲ್ಪನೆಯನ್ನು ಮಾತ್ರ ಒಪ್ಪಲಾರೆ. ಆಫ್ರಿಕೆಯ ರಕ್ತವೆಂದರೆ ಓಟದ ರಕ್ತವೆಂಬ ಊಹೆ ಅದು. ಒಂದು ಸಮುದಾಯದ ಒಳಗೇ ಇಬ್ಬರು ಅಣ್ಣತಮ್ಮಂದಿರ ನಡುವೆ ತೋಳಿನ ಉದ್ದದಲ್ಲಿ, ತೊಡೆಯ ಉದ್ದದಲ್ಲಿ, ಸ್ನಾಯುವಿನ ಸ್ವಭಾವದಲ್ಲಿ ಕಾಣುವ ವ್ಯತ್ಯಾಸವು ಸಮುದಾಯ ಸಮುದಾಯಗಳ ಸರಾಸರಿಗಳ ನಡುವಣ ವ್ಯತ್ಯಾಸಕ್ಕಿಂತ ದೊಡ್ಡದಾಗಿರಬಲ್ಲದು. ಸಿದ್ದಿ ಬಾಲಕನೊಬ್ಬ ಗಿಡ್ಡ ತೋಳಿನವನಾಗಿರಬಹುದು. ಜೋಯಿಡಾದ ಕುಣಬಿ ಹುಡುಗಿ, ಹಳಿಯಾಳದ ಮರಾಠಾ ರೈತನ ಮಗ, ಮುಂಡಗೋಡದ ಟಿಬೆಟನ್ ಶಿಬಿರದಲ್ಲಿ ಹುಟ್ಟಿದ ತರುಣ, ಇವರಲ್ಲಿ ಯಾರ ಮೈಯಲ್ಲಿ ಡೆಡ್‌ಲಿಫ್ಟಿಗೆ ಹೇಳಿ ಮಾಡಿಸಿದ ಪ್ರಮಾಣವಿದೆಯೆಂಬುದು ಹೆಸರಿನಿಂದಾಗಲಿ ಮುಖದಿಂದಾಗಲಿ ತಿಳಿಯಬರುವ ಸಂಗತಿಯಲ್ಲ. ಸಮುದಾಯದ ಮೇಲೆ ಹೊರಿಸಿದ ನಿರೀಕ್ಷೆಯು ಈಡೇರದಾಗ ಆ ಮಕ್ಕಳೇ ಸೋತರೆಂಬ ಅಪವಾದ ಹುಟ್ಟುತ್ತದೆ. ಅದಕ್ಕಿಂತ ಅನ್ಯಾಯ ಬೇರೊಂದಿಲ್ಲ.

ಮೈಯ ಪ್ರಮಾಣವನ್ನು ನೋಡಿ ವ್ಯಾಯಾಮ ವಿಧಿಸುವ ಪದ್ಧತಿಯು ನಮಗೆ ಹೊರಗಿನಿಂದ ಬಂದುದೆಂದು ತಿಳಿಯಬೇಕಾಗಿಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದ ಮಲ್ಲವಿನೋದ ಪ್ರಕರಣವು ಜಟ್ಟಿಗಳನ್ನು ವಯಸ್ಸು, ಗಾತ್ರ, ಬಲಗಳ ಆಧಾರದಿಂದ ವರ್ಗೀಕರಿಸಿ, ಭಾರಶ್ರಮ, ಸ್ತಂಭಶ್ರಮ, ಸಲಿಲಶ್ರಮ ಮೊದಲಾದ ಸಾಧನೆಗಳನ್ನು ಹೇಳುತ್ತದೆ. ನಮ್ಮ ಕಾಲಕ್ಕೆ ಇನ್ನೂ ಹತ್ತಿರದಲ್ಲಿ, ಬೆಂಗಳೂರಿನ ಕೆ. ವಿ. ಅಯ್ಯರ್ ಅವರು, ಕನ್ನಡಿಗರು ‘ಶಾಂತಲಾ’ ಮತ್ತು ‘ರೂಪದರ್ಶಿ’ಗಳ ಕರ್ತೃವೆಂದು ಪ್ರೀತಿಸುವವರು, ತಮ್ಮ ವ್ಯಾಯಾಮಶಾಲೆಯಲ್ಲಿಯೂ ಅಂಚೆಯ ಮೂಲಕವೂ ದೇಹಸಾಧನೆಯನ್ನು ಶಾಸ್ತ್ರವೆಂದೇ ಕಲಿಸಿದರು. ಆ ಪರಂಪರೆಯ ಒಂದು ಕವಲು ಹಳಿಯಾಳದ ಕುಸ್ತಿಯ ಮಟ್ಟಿಯಲ್ಲಿ ಇಂದಿಗೂ ಜೀವಂತವಾಗಿದೆ. ಲೀನಾ ಸಿದ್ದಿಯಂತಹ ಕುಸ್ತಿಪಟುಗಳನ್ನು ಕೊಟ್ಟ ಊರು ಅದು. ದಂಡ, ಬೈಠಕ್, ಹಗ್ಗವೇರುವಿಕೆ, ಗದೆಯ ತಿರುಗಾಟಗಳಿಂದ ಭುಜವೂ ತೊಡೆಯೂ ಉಸಿರೂ ಬಲಿಯುತ್ತವೆ. ಆದರೆ ನೆಲದಿಂದ ಎದುರಾಳಿಯನ್ನು ಕಿತ್ತೆತ್ತಲು ಬೇಕಾದ ಬೆನ್ನು, ಪೃಷ್ಠ, ತೊಡೆಯ ಹಿಂಬದಿಗಳ ಬಲಕ್ಕೆ ವಾರವಾರ ಅಳೆದು ಏರಿಸಬಹುದಾದ ಭಾರ ಬೇಕು, ಮತ್ತು ಅದನ್ನು ಕೊಡುವುದರಲ್ಲಿ ಕಬ್ಬಿಣದ ಸರಳಿಗೆ ಸಮನಾದುದಿಲ್ಲ. ತಾಲೀಮಿನ ಹಿರಿಯರಲ್ಲಿ ಕೆಲವರು ಕಬ್ಬಿಣದಿಂದ ಮೈ ಬಿಗಿಯುತ್ತದೆಂದು ಹೆದರುವುದುಂಟು. ಪೂರ್ಣ ಚಲನೆಯಿಂದ ಮಾಡಿದ ಭಾರಸಾಧನೆಯು ಕೀಲುಗಳ ಸಡಿಲವನ್ನು ಕುಂದಿಸುವುದಿಲ್ಲ. ಅವರ ಭಯ ನಿರಾಧಾರವಾದುದು. ಕುಂದಾಪುರದ ಕಡೆಯ ಗುರುರಾಜ ಪೂಜಾರಿಯವರು ಕುಸ್ತಿಯ ಆಸೆಯಿಂದ ಹೊರಟು, ಉಜಿರೆಯ ಕಾಲೇಜಿನಲ್ಲಿ ಭಾರ ಎತ್ತುವಿಕೆಗೆ ಒಲಿದು, 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕಿಲೋ ವಿಭಾಗದ ಬೆಳ್ಳಿಯನ್ನೂ 2022ರಲ್ಲಿ 61 ಕಿಲೋ ವಿಭಾಗದ ಕಂಚನ್ನೂ ಗೆದ್ದರು. ಮಟ್ಟಿಗೂ ಕಬ್ಬಿಣಕ್ಕೂ ನಡುವಣ ದಾರಿ ಅಷ್ಟೇನೂ ದೂರವಿಲ್ಲ.

ಇನ್ನು ಸಾಧನೆಯ ಕ್ರಮ. ಸರಳು ಪಾದದ ನಡುಭಾಗದ ನೇರಕ್ಕೆ ಮೇಲಿರಬೇಕು. ಹಾಗೆ ನಿಂತಾಗ ಕಣಕಾಲಿಗೂ ಸರಳಿಗೂ ಎರಡು ಬೆರಳಿನಷ್ಟು ಎಡೆ ಉಳಿಯುತ್ತದೆ. ಸರಳನ್ನು ಹಿಡಿದ ಮೇಲೆ ಮೊಣಕಾಲನ್ನು ಮುಂದೆ ಬಾಗಿಸಿ ಕಣಕಾಲು ಸರಳಿಗೆ ತಾಗುವಂತೆ ಮಾಡಿ, ಎದೆಯನ್ನು ಎತ್ತಿ, ಹೊಟ್ಟೆಯ ತುಂಬ ಉಸಿರು ಸೆಳೆದು, ಆ ಉಸಿರಿನ ಮೇಲೆ ಹೊಟ್ಟೆಯ ಗೋಡೆಯನ್ನು ಬಿಗಿಯಬೇಕು. ಆಮೇಲಿನದು ಬಹು ಸೂಕ್ಷ್ಮವಾದ ಘಟ್ಟ. ಸರಳಿಗೂ ಬಿಲ್ಲೆಯ ತೂತಿಗೂ ನಡುವೆ ಕೂದಲೆಳೆಯಷ್ಟು ಸಡಿಲಿರುತ್ತದೆ. ಎತ್ತುವವನು ತೋಳುಗಳನ್ನು ನೇರವಾಗಿಟ್ಟು ಮೆಲ್ಲನೆ ಎಳೆದಾಗ ಆ ಸಡಿಲು ಕಳೆದು ಟಣ್ಣೆಂಬ ಸಣ್ಣ ಸದ್ದಾಗುತ್ತದೆ. ಅದಾದ ಬಳಿಕವೇ ಪಾದಗಳಿಂದ ನೆಲವನ್ನು ಒತ್ತಿ ಏಳಬೇಕು. ಅವಸರದಿಂದ ಕಸಿಯುವವನ ಬೆನ್ನು ಭಾರ ನೆಲ ಬಿಡುವ ಮುನ್ನವೇ ಗೂನಾಗುತ್ತದೆ, ಸೊಂಟವು ಭುಜಕ್ಕಿಂತ ಮೊದಲು ಮೇಲೆ ಹಾರುತ್ತದೆ. ಮೆತ್ತನೆಯ ದಪ್ಪ ಅಟ್ಟೆಯ ಬೂಟುಗಳು ಈ ಕೆಲಸಕ್ಕೆ ಕೆಟ್ಟವು. ಬರಿಗಾಲಿನ ಹಳ್ಳಿಯ ಹುಡುಗನಿಗೆ ಇಲ್ಲಿ ಪೇಟೆಯವನಿಗಿಂತ ಅನುಕೂಲವೇ ಹೆಚ್ಚು.

ಗಿಡ್ಡ ತೋಳಿನವನಿಗೆ, ಬಿಗಿದ ತೊಡೆಯವನಿಗೆ, ಬೆನ್ನನ್ನು ಸಪಾಟಾಗಿಟ್ಟುಕೊಂಡು ಅಷ್ಟು ಕೆಳಗೆ ಇಳಿಯಲಾಗದಿದ್ದರೆ ಗದರಿಸಿ ಫಲವಿಲ್ಲ. ಬಿಲ್ಲೆಗಳ ಅಡಿಯಲ್ಲಿ ಮರದ ಹಲಗೆಗಳನ್ನಿಟ್ಟು ಸರಳನ್ನು ಅವನ ಮಟ್ಟಕ್ಕೆ ಏರಿಸಬೇಕು; ಬಲ ಬಂದಂತೆಲ್ಲ ಒಂದೊಂದೇ ಹಲಗೆಯನ್ನು ತೆಗೆಯುತ್ತ ನೆಲಕ್ಕೆ ಇಳಿಸಬೇಕು. ಮರಕ್ಕೇನು ಈ ಸೀಮೆಯಲ್ಲಿ ಬರವೇ? ನೆಲ ಬಿಡಿಸುವಾಗಲೇ ಸೋಲುವವನು, ಬೆನ್ನು ಗೂನಾಗದೆ ಇಳಿಯಬಲ್ಲನಾದರೆ, ತಾನೇ ತೆಳು ಹಲಗೆಯ ಮೇಲೆ ನಿಂತು ಹಗುರ ಭಾರದಿಂದ ಸಾಧನೆ ಮಾಡಲಿ. ಮೊಣಕಾಲು ದಾಟಿದ ಮೇಲೆ ನಿಂತುಬಿಡುವವನು ಹಲಗೆಯ ಮೇಲಿಟ್ಟ ಸರಳಿನಿಂದ ಮೇಲಿನ ಅರ್ಧವನ್ನು ಅಭ್ಯಾಸ ಮಾಡಲಿ, ಮೊಣಕಾಲನ್ನು ತುಸುವೇ ಬಾಗಿಸಿ ಸೊಂಟದಿಂದ ಬಗ್ಗಿ ಏಳುವ ರುಮೇನಿಯನ್ ಡೆಡ್‌ಲಿಫ್ಟನ್ನು ಸೇರಿಸಿಕೊಳ್ಳಲಿ. ಹಿಡಿತ ಜಾರುವವರು ಒಂದು ಅಂಗೈ ಒಳಗೆ, ಒಂದು ಹೊರಗೆ ಮಾಡಿ ಹಿಡಿಯುತ್ತಾರೆ. ಹೊರಗೆ ತಿರುಗಿದ ತೋಳಿನ ಸ್ನಾಯು ಕೆಲವೊಮ್ಮೆ ಹರಿಯುವುದರಿಂದ ಆ ತೋಳನ್ನು ಎಂದಿಗೂ ಮಡಿಸಕೂಡದು.

ಹೊಸಬನು ವಾರಕ್ಕೆ ಎರಡು ದಿನ, ಐದೈದು ಎತ್ತುಗಳ ಮೂರು ಸುತ್ತು ಮಾಡಿ, ವಾರವಾರ ಎರಡೂವರೆ ಕಿಲೋ ಏರಿಸಿದರೆ ತಿಂಗಳುಗಟ್ಟಲೆ ಪ್ರಗತಿ ಕಾಣುವನು. ಅದು ನಿಂತ ಮೇಲೆ, ತನ್ನ ಪರಮಾವಧಿಯ ನೂರಕ್ಕೆ ಎಂಬತ್ತರ ಸುಮಾರಿನಲ್ಲಿ ಮೂರು ಮೂರು ಎತ್ತುಗಳನ್ನು ಹಲವು ಸುತ್ತು ಮಾಡುತ್ತ, ನಾಲ್ಕೈದು ವಾರಕ್ಕೊಮ್ಮೆ ಭಾರವನ್ನು ಬೇಕೆಂದೇ ಇಳಿಸಿ ಮೈಗೆ ವಿರಾಮ ಕೊಡಬೇಕು. ಪರಮಾವಧಿಯ ಪರೀಕ್ಷೆ ಮೂರು ತಿಂಗಳಿಗೊಮ್ಮೆ ಸಾಕು. ಗೆಳೆಯರ ಮುಂದೆ, ಮೊಬೈಲಿನ ಕಣ್ಣಿನ ಮುಂದೆ, ದಿನಬೆಳಗಾದರೆ ಪರಮಾವಧಿಯನ್ನು ಎತ್ತಹೊರಡುವ ಚಪಲವೇ ಈ ತರುಣರ ಬೆನ್ನುಗಳನ್ನು ಹಾಳುಮಾಡುತ್ತಿರುವುದು. ಆಹಾರದಲ್ಲಿ ದೇಹತೂಕದ ಕಿಲೋ ಒಂದಕ್ಕೆ ಸುಮಾರು 1.6 ಗ್ರಾಮು ಪ್ರೋಟೀನು ಸಾಕಾಗುತ್ತದೆ, ಎಂದರೆ 60 ಕಿಲೋದವನಿಗೆ ದಿನಕ್ಕೆ ನೂರು ಗ್ರಾಮಿನೊಳಗೆ. ಹುರುಳಿ, ತೊಗರಿ, ಶೇಂಗಾ, ಹಾಲು, ಮೊಟ್ಟೆ, ಒಣಮೀನುಗಳು ದೊರೆಯುವ ಊರಿನಲ್ಲಿ ಸಾವಿರಾರು ರೂಪಾಯಿಯ ಡಬ್ಬಿಗಾಗಿ ಸಾಲ ಮಾಡುವುದು ಅನಾವಶ್ಯಕ.

ಈ ವಿದ್ಯೆ ತರುಣರಿಗಷ್ಟೇ ಮೀಸಲೆಂಬ ಭಾವನೆಯೂ ಹೋಗಬೇಕು. ಆಸ್ಟ್ರೇಲಿಯಾದಲ್ಲಿ ಮುಟ್ಟು ನಿಂತ, ಎಲುಬಿನ ಸಾಂದ್ರತೆ ಕುಗ್ಗಿದ ಮಹಿಳೆಯರಿಂದ ಎಂಟು ತಿಂಗಳ ಕಾಲ, ವಾರಕ್ಕೆ ಎರಡು ಬಾರಿ, ಅರ್ಧರ್ಧ ಗಂಟೆ, ಶಿಕ್ಷಕರ ಕಣ್ಣೆದುರಿಗೆ ಡೆಡ್‌ಲಿಫ್ಟನ್ನೂ ಒಳಗೊಂಡ ಭಾರೀ ಸಾಧನೆಯನ್ನು ಮಾಡಿಸಿದ ಪ್ರಯೋಗವೊಂದರ ಫಲ 2018ರಲ್ಲಿ ಪ್ರಕಟವಾಯಿತು: ಅವರ ಬೆನ್ನೆಲುಬಿನ ಸಾಂದ್ರತೆ ಹೆಚ್ಚಿತು. ಜೋಯಿಡಾದ ಕಾಡುದಾರಿಯಲ್ಲಿ ಸೌದೆ ಹೊತ್ತು, ನೀರು ಹೊತ್ತು ಬಾಗಿದ ತಾಯಂದಿರಿಗೆ ಹೊರುವ ಶ್ರಮ ಹೊಸದಲ್ಲ. ಅಳತೆಯಿಂದ ಏರುವ, ನಡುವೆ ವಿಶ್ರಾಂತಿಯುಳ್ಳ ಶ್ರಮ ಮಾತ್ರ ಅವರಿಗೆ ಎಂದೂ ದೊರೆತಿಲ್ಲ.

ಕೂಲಿಕಾರರ ವಿಷಯದಲ್ಲಿ ನನ್ನ ಮಾತು ಇನ್ನೂ ಕಠಿಣ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯು 1991ರಲ್ಲಿ ಪರಿಷ್ಕರಿಸಿದ ಸೂತ್ರವು ಎಲ್ಲ ಅನುಕೂಲಗಳೂ ಇರುವಾಗ ಕೈಯಿಂದ ಎತ್ತಬಹುದಾದ ಭಾರವನ್ನು 23 ಕಿಲೋ ಎಂದು ಎಣಿಸುತ್ತದೆ. ದೂರ, ತಿರುವು, ಆವರ್ತನೆಗಳು ಸೇರಿದಂತೆ ಅದು ಇನ್ನೂ ಇಳಿಯುತ್ತದೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1967ರ ಶಿಫಾರಸು ವಯಸ್ಕ ಪುರುಷನಿಗೆ 55 ಕಿಲೋದ ಮೇರೆಯನ್ನು ಹೇಳಿತು. ನಮ್ಮ ಹಮಾಲನು 50 ಕಿಲೋದ ಚೀಲಗಳನ್ನು ದಿನವಿಡೀ ಎತ್ತುತ್ತಾನೆ. ಕ್ರೀಡಾಪಟುವು ಹತ್ತಾರು ಎತ್ತುಗಳ ಬಳಿಕ ಎರಡು ದಿನ ಸುಧಾರಿಸಿಕೊಳ್ಳುತ್ತಾನೆ. ಹಮಾಲನಿಗೆ ಮರುದಿನ ಬೆಳಗ್ಗೆ ಲಾರಿ ಕಾದಿರುತ್ತದೆ. ಡೆಡ್‌ಲಿಫ್ಟಿನ ಪಾಠವು ಅವನಿಗೆ ಚೀಲವನ್ನು ಮೈಗೆ ಹತ್ತಿರವಿಟ್ಟುಕೊಳ್ಳುವುದನ್ನೂ, ಎತ್ತುತ್ತ ಸೊಂಟ ತಿರುಚದೆ ಪಾದವನ್ನೇ ತಿರುಗಿಸುವುದನ್ನೂ ಕಲಿಸೀತು. ಆದರೆ ಚೀಲದ ಗಾತ್ರ ಇಳಿಯದೆ, ಮೊಣಕಾಲೆತ್ತರದ ಕಟ್ಟೆಯಿಂದ ಎತ್ತುವ ಏರ್ಪಾಡಾಗದೆ, ಪಾಠವೊಂದರಿಂದಲೇ ಅವನ ಬೆನ್ನು ಉಳಿಯದು. ಈ ಹೊಣೆಯನ್ನು ಮಾರುಕಟ್ಟೆಗಳ ಆಡಳಿತ ಹೊರಬೇಕು.

ಕ್ರೀಡಾ ಇಲಾಖೆಯಿಂದ ನಾನು ಕೇಳುವುದು ದೊಡ್ಡ ಕಟ್ಟಡವನ್ನಲ್ಲ. ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿ ಒಂದೊಂದು ತಗಡಿನ ಮಾಡು, ಗಟ್ಟಿಯಾದ ಹಲಗೆಯ ನೆಲ, ಎರಡೆರಡು ಸರಳು, ಬಿಲ್ಲೆಗಳು, ಅಳತೆಯ ಟೇಪು, ಪ್ರತಿಯೊಬ್ಬರ ಅಂಗಪ್ರಮಾಣವನ್ನೂ ಏರಿಸಿದ ಭಾರವನ್ನೂ ಬರೆದಿಡುವ ಪುಸ್ತಕ, ಇಷ್ಟು. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ಶಿಕ್ಷಣ ಪಡೆದ ಒಬ್ಬ ತರಬೇತುದಾರನೋ ತರಬೇತುದಾರಳೋ ವಾರದಲ್ಲಿ ಸರದಿಯ ಮೇಲೆ ನಾಲ್ಕೂ ಕಡೆ ಬಂದರೆ ಸಾಕು. ಉಳಿದ ದಿನಗಳನ್ನು ಅವರ ಕೈಯಲ್ಲಿ ಪಳಗಿದ ಸ್ಥಳೀಯ ಕುಸ್ತಿಪಟುಗಳು ನೋಡಿಕೊಳ್ಳಬಲ್ಲರು. ಹೆಣ್ಣುಮಕ್ಕಳಿಗೆ ಪ್ರತ್ಯೇಕ ವೇಳೆ ಗೊತ್ತುಮಾಡುವುದಾದರೆ ಅದು ಕತ್ತಲಾದ ಮೇಲಿನ ಉಳಿಕೆಯ ವೇಳೆಯಾಗಿರಕೂಡದು. ಜೋಯಿಡಾದಲ್ಲಂತೂ ಹಳ್ಳಿಗಳು ಕಾಡಿನೊಳಗೆ ಚದುರಿರುವುದರಿಂದ, ಶಾಲೆ ಬಿಟ್ಟ ಕೂಡಲೆ ಆರಂಭಿಸಿ, ಊರ ಕಡೆಗೆ ಹೋಗುವ ಕೊನೆಯ ಬಸ್ಸು ಹೊರಡುವ ಮೊದಲು ಸಾಧನೆ ಮುಗಿಯುವಂತೆ ವೇಳಾಪಟ್ಟಿಯನ್ನು ಸಾರಿಗೆಯವರೊಡನೆ ಕುಳಿತು ನಿಗದಿ ಮಾಡಬೇಕು.